ಮನೆಯ ನೀರೆತ್ತುವ ಪಂಪು ಮತ್ತು ಮೋಟಾರಿನ ಆಯ್ಕೆ: ಗ್ರಾಹಕರಿಗೆ ಮಾಹಿತಿ

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿ ಯಂತ್ರಾಗಾರಗಳ ಮೂಲಕ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಆ ನೀರು ಮನೆಯ ಸಂಪನ್ನು ತಲುಪಿದ ನಂತರ ಮಹಡಿಯ ಟ್ಯಾಂಕಿಗೆ ಏರಿಸುವುದು ಗ್ರಾಹಕರ ಜವಾಬ್ದಾರಿಯಾಗಿರುತ್ತದೆ. ಅಕ್ಕಿಪೇಟೆಯಂತಹ ಹಳೆಯ ಪೇಟೆಗಳಲ್ಲಿ ಕಿರಿದಾದ ನಿವೇಶನದ ಮೇಲೆ ಎರಡು ಮೂರು ಅಂತಸ್ತುಗಳಿದ್ದು, ಹಲವು ಕುಟುಂಬಗಳು ಒಂದೇ ಸಂಪನ್ನು ಬಳಸುವುದು ಸಾಮಾನ್ಯ. ಇಂತಹ ಕಡೆ ಅಶ್ವಶಕ್ತಿಯೊಂದನ್ನೇ ನೋಡಿ ಪಂಪು ಖರೀದಿಸಿದಲ್ಲಿ ಹಣ ಮತ್ತು ವಿದ್ಯುತ್ ಎರಡೂ ವ್ಯರ್ಥವಾಗುವ ಸಂಭವವಿದೆ. ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳನ್ನು ಕೆಳಗೆ ವಿವರಿಸಲಾಗಿದೆ.

1. ಎತ್ತರದ ಲೆಕ್ಕ

ಪಂಪು ನೀರನ್ನು ಏರಿಸಬೇಕಾದ ಒಟ್ಟು ಎತ್ತರಕ್ಕೆ 'ಹೆಡ್' ಎನ್ನಲಾಗುತ್ತದೆ. ಉದಾಹರಣೆಗೆ, ಸಂಪಿನ ಆಳ 2 ಮೀಟರ್, ತಲಾ 3 ಮೀಟರಿನ ಮೂರು ಅಂತಸ್ತುಗಳಿಗೆ 9 ಮೀಟರ್, ತಾರಸಿಯ ಮೇಲಿನ ಟ್ಯಾಂಕಿಗೆ 2 ಮೀಟರ್, ಒಟ್ಟು 13 ಮೀಟರ್. ಕೊಳವೆಯ ಉದ್ದ ಮತ್ತು ಬಾಗುಗಳಲ್ಲಿ ಉಂಟಾಗುವ ಘರ್ಷಣೆಗಾಗಿ 3 ಮೀಟರ್ ಸೇರಿಸಿದಲ್ಲಿ 16 ಮೀಟರ್ ಆಗುತ್ತದೆ.

2. ನೀರಿನ ಪ್ರಮಾಣ

ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂದು ಪರಿಗಣಿಸಿದಲ್ಲಿ, ಎಂಟು ಜನರಿಗೆ 1,080 ಲೀಟರ್ ಬೇಕಾಗುತ್ತದೆ. ಇದನ್ನು 40 ನಿಮಿಷಗಳಲ್ಲಿ ಏರಿಸಲು ನಿಮಿಷಕ್ಕೆ 27 ಲೀಟರ್ ನೀಡುವ ಪಂಪು ಸಾಕು.

3. ನಾಮಫಲಕವನ್ನು ಓದುವ ಕ್ರಮ

ಹೆಡ್ ಹೆಚ್ಚಿದಂತೆ ಪಂಪು ನೀಡುವ ನೀರು ಕಡಿಮೆಯಾಗುತ್ತದೆ. ನಾಮಫಲಕದಲ್ಲಿರುವ ಗರಿಷ್ಠ ಹೆಡ್ ಮತ್ತು ಗರಿಷ್ಠ ಪ್ರಮಾಣ ಒಟ್ಟಿಗೆ ದೊರೆಯುವುದಿಲ್ಲ. ಆದ್ದರಿಂದ ಮಾರಾಟಗಾರರಿಂದ ತಯಾರಕರ ಪಟ್ಟಿಯನ್ನು ಪಡೆದು, ಮೇಲಿನ ಉದಾಹರಣೆಯಲ್ಲಿ 16 ಮೀಟರಿಗೆ ಎಷ್ಟು ಲೀಟರ್ ಎಂದು ನೋಡತಕ್ಕದ್ದು. ಅಗತ್ಯವನ್ನು ಅರ್ಧ ಅಶ್ವಶಕ್ತಿಯ ಪಂಪು ಪೂರೈಸುವುದಾದರೆ ಒಂದೂವರೆ ಅಶ್ವಶಕ್ತಿಯದನ್ನು ಕೊಳ್ಳುವ ಅವಶ್ಯಕತೆ ಇರುವುದಿಲ್ಲ. ಐ.ಎಸ್.ಐ. ಗುರುತನ್ನೂ ಖಚಿತಪಡಿಸಿಕೊಳ್ಳುವುದು.

4. ಪಂಪನ್ನು ಇರಿಸುವ ಸ್ಥಳ

ಪಂಪು ನೀರನ್ನು ಹೀರುವುದು ವಾತಾವರಣದ ಒತ್ತಡದ ನೆರವಿನಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಆ ಒತ್ತಡ ಕಡಿಮೆ. ಆದ್ದರಿಂದ ಪಂಪನ್ನು ಮಹಡಿಯಲ್ಲಿ ಇರಿಸದೆ ಸಂಪಿನ ಪಕ್ಕದಲ್ಲಿಯೇ ಇರಿಸತಕ್ಕದ್ದು. ಫುಟ್ ವಾಲ್ವ್ ಸೋರಿದಲ್ಲಿ ಕೊಳವೆಯಲ್ಲಿನ ನೀರು ಇಳಿದು, ಪಂಪು ಒಣಗಿ ಓಡಿ ಸೀಲು ಹಾಳಾಗುತ್ತದೆ.

5. ಮೋಟಾರು ಮತ್ತು ಸುರಕ್ಷತೆ

ಮನೆಗಳ ಸಿಂಗಲ್ ಫೇಸ್ ಮೋಟಾರು ಚಾಲನೆಗೊಳ್ಳಲು ಕೆಪಾಸಿಟರ್ ಅವಶ್ಯಕ. ಮೋಟಾರು ತಿರುಗದೆ ಗುಂಯ್ ಎನ್ನುತ್ತಿದ್ದಲ್ಲಿ ಕೂಡಲೇ ಸ್ವಿಚ್ ಆರಿಸಿ ಕೆಪಾಸಿಟರನ್ನು ಪರೀಕ್ಷಿಸಬೇಕು. ಹಾಗೆಯೇ ಬಿಟ್ಟಲ್ಲಿ ಸುರುಳಿ ಸುಟ್ಟುಹೋಗುತ್ತದೆ. ದೊಡ್ಡ ಮೋಟಾರು ಅಳವಡಿಸುವ ಮುನ್ನ ವಿದ್ಯುತ್ ಬಿಲ್ಲಿನಲ್ಲಿರುವ ಮಂಜೂರಾದ ಹೊರೆಯನ್ನು ನೋಡಿಕೊಳ್ಳುವುದು. ಸಂಪಿನ ಬಳಿ ನೆಲ ಸದಾ ಒದ್ದೆಯಾಗಿರುವುದರಿಂದ ಅರ್ಥಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ತಡೆಯುವ ಬ್ರೇಕರ್ ಕಡ್ಡಾಯವೆಂದೇ ಭಾವಿಸತಕ್ಕದ್ದು. ಮೋಟಾರಿನ ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆಯದೆ ಯಾರೂ ಸಂಪಿಗೆ ಇಳಿಯಬಾರದು.

6. ಮುಖ್ಯ ಕೊಳವೆಗೆ ಪಂಪು ಜೋಡಿಸಬಾರದು

ಜಲಮಂಡಳಿಯ ಕೊಳವೆಗೆ ನೇರವಾಗಿ ಪಂಪು ಅಳವಡಿಸಿ ನೀರು ಹೀರುವುದನ್ನು ನಿಷೇಧಿಸಲಾಗಿದೆ. ಹೀಗೆ ಮಾಡುವುದರಿಂದ ಬೀದಿಯ ಕೊನೆಯ ಮನೆಗಳಿಗೆ ನೀರು ತಲುಪುವುದಿಲ್ಲ. ಅಲ್ಲದೆ ಕೊಳವೆಯೊಳಗಿನ ಒತ್ತಡ ಕುಸಿದು, ಹಳೆಯ ಜೋಡಣೆಗಳ ಬಿರುಕುಗಳ ಮೂಲಕ ಹೊರಗಿನ ಕೊಳಚೆ ಒಳಸೇರಬಹುದು. ಆ ನೀರನ್ನು ಮೊದಲು ಕುಡಿಯುವವರು ಪಂಪು ಹಾಕಿದ ಮನೆಯವರೇ ಆಗಿರುತ್ತಾರೆ. ಕೊಳವೆಯ ನೀರು ತನ್ನ ಒತ್ತಡದಿಂದಲೇ ಸಂಪಿಗೆ ಬೀಳಬೇಕು. ಪಂಪಿನ ಕೆಲಸ ಸಂಪಿನಿಂದ ಮುಂದೆ ಮಾತ್ರ.

ಸಂಪಿಗೆ ನೀರು ಸರಿಯಾಗಿ ಬಾರದಿದ್ದಲ್ಲಿ ದೊಡ್ಡ ಪಂಪು ಅದಕ್ಕೆ ಪರಿಹಾರವಲ್ಲ. ಅಂತಹ ದೂರುಗಳನ್ನು ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ ದಾಖಲಿಸಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಲು ಗ್ರಾಹಕರನ್ನು ಕೋರಲಾಗಿದೆ.