ಕಳೆಯ ಬೇರು ಪ್ರಮಾದದಲ್ಲಿದೆ

ಜಯಮಂಗಲಿ ಹರಿಯುವ ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಪಾಳುಬಿದ್ದ ತೋಟಗಳು ಅಪರೂಪವಲ್ಲ. ಕೊಳವೆಬಾವಿ ಬತ್ತುತ್ತದೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಹಿರಿಯರ ಕೈಸೋಲುತ್ತದೆ. ನಮ್ಮ ಮನೆತನದ ಮೂರು ಎಕರೆ ತೋಟವೂ ಐದು ವರ್ಷ ಹಾಗೆಯೇ ಬಿದ್ದಿತ್ತು. ಬೇಲಿಯಲ್ಲಿ ಬಳ್ಳಾರಿ ಜಾಲಿ, ನಡುವೆ ಲಂಟಾನ, ತೆಂಗಿನ ಬುಡದವರೆಗೂ ಕಾಂಗ್ರೆಸ್ ಕಳೆ, ನೆಲದೊಳಗೆ ತುಂಗೆಗಡ್ಡೆ. ನಿವೃತ್ತಿಯ ಬಳಿಕ ಅದನ್ನು ಮತ್ತೆ ತೋಟವಾಗಿಸಲು ಹೊರಟಾಗ, “ಬೆಂಕಿ ಹಾಕಿಬಿಡಿ ಮೇಷ್ಟ್ರೇ, ಒಂದು ದಿನದ ಕೆಲಸ” ಎಂದರು ನೆರೆಯವರು. ಮನೆಯಾಕೆಯ ಪ್ರಶ್ನೆ ಬೇರೆಯಾಗಿತ್ತು: “ಅನಂತಕಾಯವೆಂದು ಆಲೂಗಡ್ಡೆಯನ್ನೇ ತಿನ್ನದ ನಾವು, ಇಷ್ಟು ತುಂಗೆಗಡ್ಡೆಯನ್ನು ಅಗೆದು ಎಸೆಯಬಹುದೇ?”

ಸುಲಭದ ಉತ್ತರವೊಂದಿದೆ. ಭಗವಾನ್ ಆದಿನಾಥರು ಲೋಕಕ್ಕೆ ಬೋಧಿಸಿದ ಆರು ವೃತ್ತಿಗಳಲ್ಲಿ ಕೃಷಿಯೂ ಒಂದು. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವ ಉದ್ಯೋಗಿ ಹಿಂಸೆಯನ್ನು ಆದಷ್ಟು ತಗ್ಗಿಸಬೇಕು. ಈ ಉತ್ತರ ಸರಿಯೇ. ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ; ಅದರ ಹಿಂದಿರುವ ಪ್ರಮಾದವನ್ನೂ ಹೇಳುತ್ತಾರೆ. ಅದನ್ನು ನೆನೆದಾಗ ನನ್ನ ತಪ್ಪು ಎಲ್ಲಿದೆಯೆಂದು ತಿಳಿಯಿತು. ಮೊದಲ ವರ್ಷ ವಾರಕ್ಕೊಂದು ತಾಸು ಬಗ್ಗಿದ್ದರೆ ಬೆರಳೆಣಿಕೆಯ ಸಸಿಗಳನ್ನು ಕಿತ್ತರೆ ಸಾಕಿತ್ತು. ಈಗ ಪೊದೆಯೊಳಗೆ ಹಕ್ಕಿಯ ಗೂಡಿದೆ, ಬುಡದಲ್ಲಿ ಇರುವೆಯ ಹುತ್ತವಿದೆ, ಎಲೆಯಡಿಯಲ್ಲಿ ಲೆಕ್ಕವಿಲ್ಲದ ಹುಳುಗಳಿವೆ. ಗುದ್ದಲಿ ಎತ್ತಿದ ದಿನ ಹಿಂಸೆ ಮೊದಲಾಗಲಿಲ್ಲ. ಐದು ವರ್ಷಗಳ ಹಿಂದೆ, “ನಾಳೆ ನೋಡೋಣ” ಎಂದ ದಿನವೇ ಮೊದಲಾಗಿತ್ತು.

ಆದ್ದರಿಂದ ಯತ್ನಾಚಾರದಿಂದ ಕೆಲಸಕ್ಕೆ ಇಳಿದೆವು. ಚಾತುರ್ಮಾಸ ಮುಗಿಯುವವರೆಗೆ ಕಾದೆವು. ಬೆಂಕಿಯಿಡಲಿಲ್ಲ, ಕಳೆನಾಶಕ ಸಿಂಪಡಿಸಲಿಲ್ಲ. ಗೂಡಿದ್ದ ಪೊದೆಯನ್ನು ಮರಿಗಳು ಹಾರುವ ತನಕ ಬಿಟ್ಟೆವು. ಅಷ್ಟಮಿ, ಚತುರ್ದಶಿಗಳಂದು ಕುಡುಗೋಲು ಮುಟ್ಟಲಿಲ್ಲ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದನ್ನೂ, ಬೆಂಕಿ ಹಚ್ಚುವುದನ್ನೂ, ಸಸ್ಯ ಕಡಿಯುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿ, ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೇಕಾದಷ್ಟೇ ಕಡಿಯುವುದು ವ್ರತದ ಮಾತು.

ತೋಟ ಕಲಿಸಿದ ಪಾಠ ಇನ್ನೊಂದಿದೆ. ಒಂದೇ ಕಾಂಗ್ರೆಸ್ ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಹೂ ಬಿಟ್ಟ ಮೇಲೆ ಕಿತ್ತರೆ ಕಿತ್ತವನೇ ಬಿತ್ತಿದಂತೆ. ಹೂವಿಗೆ ಮುನ್ನ ಕಿತ್ತು, ತೆಂಗಿನ ಗರಿ, ಅಡಕೆ ಸೋಗೆ, ಒಣಗಿದ ಎಲೆಗಳಿಂದ ನೆಲ ಮುಚ್ಚಿದೆವು. ಬೆಳಕು ಕಾಣದ ಬೀಜಗಳಲ್ಲಿ ಬಹುಪಾಲು ಮೊಳೆಯಲೇ ಇಲ್ಲ. ಮೊಳೆಯದ ಕಳೆಯನ್ನು ಕೊಲ್ಲಬೇಕಾಗಿಲ್ಲ! ಹೊಸ ಕರ್ಮ ಒಳಬರದಂತೆ ತಡೆಯುವುದು ಸಂವರ; ಸೇರಿದ್ದನ್ನು ಉದುರಿಸುವುದು ನಿರ್ಜರೆ. ಸಂವರವಿಲ್ಲದ ನಿರ್ಜರೆ ಬೀಜ ಉದುರಿದ ಮೇಲಿನ ಕಳೆಗೆಲಸದಂತೆ, ಅದಕ್ಕೆ ಕೊನೆಯೇ ಇಲ್ಲ. ತುಂಗೆಯಾದರೋ ಮೇಲೆ ಕೊಯ್ದಷ್ಟೂ ಚಿಗುರುತ್ತದೆ. ಅದರ ಗಡ್ಡೆಗಳು ನೆಲದೊಳಗೆ ಸರಪಣಿಯಂತೆ ಹೆಣೆದಿರುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳ ಅನಂತಾನುಬಂಧಿ ಸ್ವರೂಪವನ್ನು ತರಗತಿಯಲ್ಲಿ ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ತೋಟಕ್ಕೂ ಧರ್ಮಕ್ಕೂ ಇರುವ ನಂಟು ನಮ್ಮ ಸೀಮೆಗೆ ಹೊಸದಲ್ಲ. ಶಿರಾ, ಪಾವಗಡಗಳ ಗಡಿಯಾಚೆ, ಆಂಧ್ರದ ಮಡಕಶಿರಾ ಸೀಮೆಯ ಅಮರಾಪುರದಲ್ಲಿ ಕ್ರಿ.ಶ. 1278ರ ಶಾಸನವೊಂದಿದೆ. ಮಲ್ಲಿಸೆಟ್ಟಿ ಎಂಬ ಶ್ರಾವಕನು ಬ್ರಹ್ಮ ಜಿನಾಲಯದ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯ 2000 ಅಡಕೆ ಮರಗಳನ್ನು ದಾನವಿತ್ತುದನ್ನು ಅದು ಹೇಳುತ್ತದೆ. ಆ ಆದಾಯದಿಂದ ಬಸದಿಯನ್ನು ಕಲ್ಲಿನಲ್ಲಿ ಕಟ್ಟಬೇಕಿತ್ತು. ದಾನ ಕೊಟ್ಟದ್ದು ಒಂದು ದಿನ. ಆ ದಾನ ಫಲಿಸಲು ವರ್ಷವರ್ಷವೂ ಯಾರೋ ಆ ಮರಗಳ ಬುಡದಲ್ಲಿ ಬಗ್ಗಿ ಕಳೆ ತೆಗೆದಿರಬೇಕು. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ನಮ್ಮ ತೋಟದಲ್ಲಿ ಇನ್ನೂ ಅರ್ಧ ಎಕರೆ ಪೊದೆ ಉಳಿದಿದೆ. ಸಂಜೆ ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಮುನ್ನ ನಾವಿಬ್ಬರೂ ಒಂದು ಸುತ್ತು ಬರುತ್ತೇವೆ. ಎರಡೆಲೆಯ ಸಸಿ ಕಂಡರೆ ಮನೆಯಾಕೆ ಬಗ್ಗುತ್ತಾಳೆ, “ಕ್ಷಮಿಸು” ಎಂದು ಮೆಲ್ಲಗೆ ಹೇಳಿ ಕೀಳುತ್ತಾಳೆ. ಬಳಿಕ ಮನೆಗೆ ಬಂದು ಕುಳಿತು, ಆ ದಿನ ಮನಸ್ಸಿನಲ್ಲಿ ಮೊಳೆತದ್ದನ್ನು ಹುಡುಕುತ್ತೇವೆ.