ಸೀಮಿತ ಹೊಣೆ

ಹಳಗನ್ನಡದ 'ಪೊಣೆ' ಎಂಬ ಮಾತೇ ಇಂದಿನ 'ಹೊಣೆ'. ಜಾಮೀನು ಎಂಬುದು ಅದರ ಒಂದು ಅರ್ಥ. ಜವಾಬ್ದಾರಿ ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆಗೆ ಕಂಪನಿಗಳ ಹೆಸರಿನ ತುದಿಯಲ್ಲಿ ಬರುವ 'ಲಿಮಿಟೆಡ್' ಎಂಬ ವಿಶೇಷಣವು ಕೊಂಚ ವಿಚಿತ್ರವಾಗಿಯೇ ತೋರಬೇಕು. ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ ಬೇರೊಬ್ಬ ವ್ಯಕ್ತಿ. ಅದು ಮಾಡಿದ ಸಾಲಕ್ಕಾಗಿ ಷೇರುದಾರನು ತಾನು ಹೂಡಿದ ಹಣವನ್ನು ಕಳೆದುಕೊಂಡಾನೇ ಹೊರತು ಮನೆಮಾರುಗಳನ್ನಲ್ಲ. 1897ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಸಾಲೊಮನ್ ಎಂಬ ಪಾದರಕ್ಷೆ ವ್ಯಾಪಾರಿಯ ಮೊಕದ್ದಮೆಯಲ್ಲಿ ಈ ತತ್ತ್ವವನ್ನು ಸ್ಥಿರಪಡಿಸಿತು. ತತ್ತ್ವವೇನೂ ಕೆಟ್ಟದ್ದಲ್ಲ, ಅದಿಲ್ಲದೆ ದೊಡ್ಡ ಉದ್ಯಮಗಳಿಗೆ ಬಂಡವಾಳ ಕೂಡುವುದು ಕಷ್ಟ. ಆದುದರಿಂದಲೇ ಬ್ಯಾಂಕುಗಳು ಕೆಲವೊಮ್ಮೆ ಪ್ರವರ್ತಕನ ಸ್ವಂತ ಜಾಮೀನನ್ನೂ ಕೇಳುತ್ತವೆ. ಹಳೆಯ ಪೊಣೆ ಹೀಗೆ ಹಿಂಬಾಗಿಲಿನಿಂದ ಮರಳಿ ಬರುತ್ತದೆ.

ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಪ್ರಕರಣ ಇದಕ್ಕೆ ಹತ್ತಿರದ ನಿದರ್ಶನ. 2005ರಲ್ಲಿ ಹಾರಾಟ ತೊಡಗಿದ ಆ ಸಂಸ್ಥೆ 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಅಷ್ಟರಲ್ಲಿ ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿಯಾಗಿತ್ತು. ಅದಕ್ಕಿಂತ ಕಟುವಾದುದು ಇನ್ನೊಂದು: ಸಂಬಳದಲ್ಲಿ ಮುರಿದುಕೊಂಡ ವರಮಾನ ತೆರಿಗೆಯೇ ಸರ್ಕಾರಕ್ಕೆ ಸಂದಾಯವಾಗದೆ ಉಳಿದಿತ್ತು. ಕಾಯಕವೆಂಬ ಮಾತಿನ ತೂಕವನ್ನು ಬಲ್ಲವರನ್ನು ಬ್ಯಾಂಕಿನ ಸಾವಿರಾರು ಕೋಟಿಗಿಂತ ಈ ಬಾಕಿಯೇ ಹೆಚ್ಚು ನೋಯಿಸೀತು.

ಪ್ರವರ್ತಕರಾದ ವಿಜಯ ಮಲ್ಯ ಅವರು ಸಾಲಕ್ಕೆ ಸ್ವಂತ ಜಾಮೀನು ನೀಡಿದ್ದರು. 2015ರ ಡಿಸೆಂಬರಿನಲ್ಲಿ ಗೋವೆಯಲ್ಲಿ ಅವರ ಅರವತ್ತನೆಯ ಹುಟ್ಟುಹಬ್ಬ ವಿಜೃಂಭಣೆಯಿಂದ ಜರುಗಿತು; 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. ಮದ್ಯದ ಉದ್ಯಮದಿಂದ ನಿರ್ಗಮಿಸಿದ್ದಕ್ಕಾಗಿ ಆ ವರ್ಷ ದೊರೆತ ಹಣದಲ್ಲಿ 4 ಕೋಟಿ ಡಾಲರನ್ನು ಮಕ್ಕಳಿಗೆ ವರ್ಗಾಯಿಸಿದ್ದು ನ್ಯಾಯಾಂಗ ನಿಂದನೆಯೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಮಾನಿಸಿತು. 2022ರ ಜುಲೈಯಲ್ಲಿ ನಾಲ್ಕು ತಿಂಗಳ ಸೆರೆವಾಸವನ್ನೂ 2,000 ರೂಪಾಯಿ ದಂಡವನ್ನೂ ವಿಧಿಸಿತು. ಇದು ವ್ಯಾಪಾರದ ಸೋಲೇ ಹೊರತು ವಂಚನೆಯಲ್ಲ, ಬ್ಯಾಂಕುಗಳು ಬರಬೇಕಾದುದಕ್ಕಿಂತ ಹೆಚ್ಚನ್ನೇ ಪಡೆದಿವೆ ಎಂಬುದು ಮಲ್ಯರ ವಾದ. ಅವರ ಆಸ್ತಿಗಳಿಂದ ಬ್ಯಾಂಕುಗಳಿಗೆ 14,000 ಕೋಟಿ ರೂಪಾಯಿಗೂ ಮಿಕ್ಕ ಹಣ ಮರಳಿತೆಂದು ಕೇಂದ್ರ ಸರ್ಕಾರವೇ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಲೆಕ್ಕದ ತಕರಾರು ಏನೇ ಇರಲಿ, ನೌಕರರು ಮಾತ್ರ ತಮ್ಮ ಪಾಲಿಗಾಗಿ ವರ್ಷಗಟ್ಟಲೆ ಕಾದರು.

ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು 2016ರ ದಿವಾಳಿ ಸಂಹಿತೆಯ 53ನೆಯ ಕಲಮು ಗೊತ್ತುಮಾಡಿದೆ. ದಿವಾಳಿಯ ಖರ್ಚು ಕಳೆದ ಮೇಲೆ ಕಾರ್ಮಿಕರ 24 ತಿಂಗಳ ಬಾಕಿಯು ಅಡಮಾನ ಹಿಡಿದ ಸಾಲಗಾರರ ಪಂಕ್ತಿಯಲ್ಲಿಯೇ ಕೂರುತ್ತದೆ. ಇತರ ನೌಕರರ 12 ತಿಂಗಳ ಬಾಕಿ ಅದರ ಮುಂದಿನದು. ಸರಕು ಒದಗಿಸಿದ ಸಣ್ಣ ವ್ಯಾಪಾರಿಯು ಇನ್ನೂ ಕೆಳಗಿನ ಪಂಕ್ತಿಯವನು. ಅಲ್ಲಿಗೆ ಬಡಿಸುವ ಹೊತ್ತಿಗೆ ಪಾತ್ರೆ ಬರಿದಾಗಿರುವುದೇ ಹೆಚ್ಚು.

ದಿವಾಳಿಯಾಗದ ಕಂಪನಿಯೂ ಕೊಡದಿರಬಹುದು. ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ತಡೆಯಬಾರದು, ತಡೆದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ಕಾಯಿದೆ ಬಿಗಿಯಾಗಿಯೇ ಇದೆ. ಆದರೆ ದೂರು ಕೊಡಬೇಕಾದವನು ಮುಂದಿನ ಆರ್ಡರಿಗೂ ಅದೇ ದಣಿಯ ಬಾಗಿಲಿಗೆ ಹೋಗಬೇಕಾದವನು. ಬಡ್ಡಿಯ ಮಾತೆತ್ತಲು ಅವನಿಗೆ ನಾಲಗೆ ಏಳುವುದಿಲ್ಲ.