ಎತ್ತುವುದು ಜ್ಯಾಕ್, ಹೊರುವುದು ಸ್ಟ್ಯಾಂಡ್

ಆಯಿಲ್ ಬದಲಿಸಲು, ಬ್ರೇಕ್ ನೋಡಲು ತುಮಕೂರಿನ ತನಕ ಯಾಕೆ ಹೋಗಬೇಕು ಎಂದು ಕೊರಟಗೆರೆ ಸೀಮೆಯ ಅನೇಕರು ಮನೆಯಂಗಳದಲ್ಲೇ ಕಾರಿನ ಕೆಲಸಕ್ಕೆ ಇಳಿಯುತ್ತಾರೆ. ಒಳ್ಳೆಯದೇ. ಆದರೆ ಕಾರಿನಡಿಗೆ ತೂರುವ ಮೊದಲು ಕೆಲವು ಸಂಗತಿ ತಿಳಿದಿರಬೇಕು.

ಜ್ಯಾಕ್‌ನಲ್ಲಿ ಎರಡು ಬಗೆ. ಕಾರಿನ ಜೊತೆಗೇ ಬರುವ ತಿರುಪಿನ ಜ್ಯಾಕ್ ಸ್ಟೆಪ್ನಿ ಹಾಕಲು ಮಾತ್ರ. ಹೈಡ್ರಾಲಿಕ್ ಜ್ಯಾಕ್ ಎಣ್ಣೆಯ ಒತ್ತಡದಿಂದ ಎತ್ತುತ್ತದೆ. ಹದಿನೇಳನೇ ಶತಮಾನದಲ್ಲಿ ಪ್ಯಾಸ್ಕಲ್ ಕಂಡುಕೊಂಡ ನಿಯಮವನ್ನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಯಂತ್ರಕ್ಕೆ ಇಳಿಸಿದ. ಒಂದು ಕೈಯ ಬಲಕ್ಕೆ ಟನ್ನುಗಟ್ಟಲೆ ಭಾರ ಮೇಲೇಳುವುದು ಎಷ್ಟು ಸಲ ನೋಡಿದರೂ ಸೋಜಿಗವೇ! ಆದರೆ ಆ ಎಣ್ಣೆಯನ್ನು ತಡೆದಿರುವುದು ಒಂದು ಸಣ್ಣ ಸೀಲು ಮತ್ತು ವಾಲ್ವು. ಸೀಲು ಸವೆದರೆ ಕಾರು ಕೆಳಗಿಳಿಯುತ್ತದೆ. ಜ್ಯಾಕ್ ಸ್ಟ್ಯಾಂಡಿನಲ್ಲಿ ಸೋರುವಂಥದ್ದು ಏನೂ ಇಲ್ಲ. ಅಗಲ ಕಾಲಿನ ಉಕ್ಕಿನ ಆಸರೆ ಅದು. ಎತ್ತರವನ್ನು ಪಿನ್ನು ಇಲ್ಲವೇ ಹಲ್ಲುಪಟ್ಟಿ ಹಿಡಿದಿಡುತ್ತದೆ.

ನಮ್ಮದು ಕಲ್ಲಿನ ಸೀಮೆ. ಮಧುಗಿರಿಯ ಬೆಟ್ಟದಿಂದ ಸಿದ್ಧರಬೆಟ್ಟದವರೆಗೂ ಬಂಡೆಯೇ ಬಂಡೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೈ ಹೋಗುವುದು ಹಿತ್ತಲಿನ ಸೈಜುಗಲ್ಲಿಗೆ. ಸೈಜುಗಲ್ಲು ಭಾರಕ್ಕೆ ಒಡೆಯದು, ನಿಜ. ಆದರೆ ಅದರ ಮುಖ ಒರಟು. ಒಂದರ ಮೇಲೊಂದು ಪೇರಿಸಿದರೆ ಎರಡು ಮೂರು ಉಬ್ಬುಗಳ ಮೇಲಷ್ಟೇ ಕೂತಿರುತ್ತದೆ, ಪಕ್ಕದಿಂದ ತಳ್ಳಿದರೆ ಜಾರುತ್ತದೆ. ಸಿಮೆಂಟ್ ಬ್ಲಾಕ್ ಇನ್ನೂ ಅಪಾಯ. ಗೋಡೆಯಲ್ಲಿ ಅದರ ಮೈ ತುಂಬ ಭಾರ ಹರಡಿರುತ್ತದೆ. ಕಾರಿನ ಅಂಚು ಒಂದೇ ಕಡೆ ಒತ್ತಿದಾಗ ಯಾವ ಸೂಚನೆಯನ್ನೂ ಕೊಡದೆ ಸೀಳಿಹೋಗುತ್ತದೆ. ಕಲ್ಲಿಗೆ ತಕ್ಕ ಜಾಗ ಚಕ್ರದ ಹಿಂದೆ ಮುಂದೆ, ಕಾರಿನ ಕೆಳಗಲ್ಲ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ‘ಗೇರಲ್ಲೈತೆ, ಹ್ಯಾಂಡ್‌ಬ್ರೇಕ್ ಎಳ್ದಿದೀನಿ, ಎಲ್ಲೋಯ್ತದೆ ಬಿಡಣ್ಣ’ ಎನ್ನುತ್ತಾರೆ. ಹೋಗುತ್ತದೆ. ಹೇಗೆಂದು ನೋಡಿ.

ಇಲ್ಲಿನ ಸಾಮಾನ್ಯ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಗೇರು ಹಿಡಿಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು: ಆಲ್ಟೊದಲ್ಲಿ ಮುಂದಿನವು, ಓಮ್ನಿ, ಬೊಲೆರೊಗಳಲ್ಲಿ ಹಿಂದಿನವು. ಆ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಲ್ಲ, ಅದಕ್ಕಾಗಿ ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಇದು ಬಿಡುತ್ತದೆ. ಆಲ್ಟೊದ ಮುಂದಿನ ಎರಡೂ ಚಕ್ರ ಸ್ಟ್ಯಾಂಡಿನ ಮೇಲಿದ್ದಾಗ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಒಂದನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ತಿರುಗುತ್ತದೆ! ಎಂಜಿನ್ ಮಾತ್ರ ಅಲುಗುವುದೇ ಇಲ್ಲ. ಅಂದರೆ ಇವುಗಳಲ್ಲಿ ಒಂದು ಚಕ್ರ ನೆಲ ಬಿಟ್ಟರೂ ಸಾಕು, ಗೇರಿನ ಹಿಡಿತ ತಪ್ಪಿತು; ನೆಲದ ಮೇಲಿರುವ ಚಕ್ರ ಉರುಳಬಲ್ಲದು.

ಈಗ ಲೆಕ್ಕ ಹಾಕಿ. ಆಲ್ಟೊದ ಮುಂದಿನ ಒಂದು ಚಕ್ರ ಎತ್ತಿದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಹಿಂದಿನ ಎರಡನ್ನೂ ಎತ್ತಿದರೆ ಹ್ಯಾಂಡ್‌ಬ್ರೇಕ್ ದಂಡ, ಗೇರೇ ಗತಿ. ಬೊಲೆರೊದ ಹಿಂದಿನ ಎರಡನ್ನೂ ಎತ್ತಿದರೋ, ಎರಡೂ ಇಲ್ಲ. ಇಡೀ ಗಾಡಿ ಮುಂದಿನ ಬಿಡುಚಕ್ರಗಳ ಮೇಲೆ. ಗಾಡಿ ಕೆಲವೇ ಇಂಚು ಸರಿದರೂ ಜ್ಯಾಕಿನ ತಲೆ ಅದರ ಜೊತೆ ಹೋಗುತ್ತದೆ, ಬುಡ ಇದ್ದಲ್ಲೇ ನಿಲ್ಲುತ್ತದೆ, ಜ್ಯಾಕ್ ಮಗುಚುತ್ತದೆ. ಆದ್ದರಿಂದ ನೆಲದಲ್ಲಿ ಉಳಿಯುವ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಡದೆ ಜ್ಯಾಕ್ ಮುಟ್ಟಬಾರದು.

ಉಳಿದದ್ದು ಕ್ರಮ. ಸಮತಟ್ಟಾದ ಗಟ್ಟಿ ನೆಲ ಆರಿಸಿ; ಮಳೆಗೆ ನೆನೆದ ಕೆಮ್ಮಣ್ಣಿನ ಅಂಗಳ ಬೇಡ. ಮಣ್ಣು ಒಣಗಿದ್ದರೂ ಜ್ಯಾಕಿನಡಿ, ಸ್ಟ್ಯಾಂಡಿನಡಿ ದಪ್ಪ ಹಲಗೆ ಹಾಕಿ. ಚಕ್ರ ಬಿಚ್ಚುವುದಿದ್ದರೆ ಅದು ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಕಂಪನಿಯ ಕೈಪಿಡಿ ತೋರಿಸಿದ ಜಾಗದಲ್ಲೇ ಎತ್ತಿ, ಸ್ಟ್ಯಾಂಡ್ ಇಟ್ಟು, ಭಾರ ಪೂರ್ತಿ ಅದರ ಮೇಲೆ ಕೂರುವಂತೆ ಜ್ಯಾಕ್ ಇಳಿಸಿ. ಆಮೇಲೆ ಹೊರಗೆ ನಿಂತು ಕಾರನ್ನು ಪಕ್ಕದಿಂದ ತಳ್ಳಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಮೊದಲಿನಿಂದ ಮಾಡಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿ ಮಲಗಿಸಿ. ಎಲ್ಲವೂ ಕೈಕೊಟ್ಟರೆ ಜೀವ ಉಳಿಯುವಷ್ಟು ಎಡೆ ಅದು ಬಿಟ್ಟೀತು. ಹತ್ತಿರ ಒಬ್ಬರಾದರೂ ಇರಲಿ. ಕಾರು ಎದೆಯ ಮೇಲೆ ಕೂತರೆ ಎಲುಬು ಮುರಿಯದಿದ್ದರೂ ಉಸಿರಾಡಲು ಎದೆ ಏಳುವುದಿಲ್ಲ.

ಇಷ್ಟು ತಿಳಿದರೆ ಸಾಲದು. ಗ್ಯಾರೇಜಿನಲ್ಲಿ ಡಿಫರೆನ್ಷಿಯಲ್ ಬಿಚ್ಚಿಟ್ಟಿದ್ದು ಕಂಡರೆ ಮೆಕ್ಯಾನಿಕ್ ಅಣ್ಣನನ್ನು ಕೇಳಿ, ತಿರುಗಿಸಿ ನೋಡಿ. ಭೌತಶಾಸ್ತ್ರದ ಮೇಷ್ಟ್ರುಗಳು ಪ್ಯಾಸ್ಕಲ್ ಪಾಠದ ದಿನ ಒಂದು ಜ್ಯಾಕನ್ನೂ ಒಂದು ಸ್ಟ್ಯಾಂಡನ್ನೂ ತರಗತಿಗೆ ತರಲಿ. ನೀವು ಮಾತ್ರ ಸ್ಟ್ಯಾಂಡ್ ಕೊಳ್ಳುವ ತನಕ ಕಾರಿನಡಿಗೆ ಹೋಗಬೇಡಿ.